ನರಗುಂದದ ಪರದೆ, ಗಜೇಂದ್ರಗಡದ ಚಾದರ

ರೋಣದವರ ಒಂದು ಕೊರತೆಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮಗೆ ಗುಡ್ಡ ಇಲ್ಲ. ನರಗುಂದದವರಿಗೆ ಊರ ಬೆನ್ನಿಗೇ ಒಂದು ಗುಡ್ಡ ಇದೆ. ಬಸ್ಸು ಇನ್ನೂ ಎಷ್ಟೋ ದೂರ ಇರುವಾಗಲೇ ಅದು ಕಂಡು, ‘ಬಂತು ನೋಡ್ರಿ ನಮ್ಮೂರು’ ಅನ್ನುವ ಸುಖ ಅವರಿಗಿದೆ. ಗಜೇಂದ್ರಗಡದವರಿಗಂತೂ ಗುಡ್ಡದ ಸಾಲೇ ಇದೆ, ಈಗ ಅದರ ಮೇಲೆ ಗಾಳಿಯಂತ್ರಗಳೂ ತಿರುಗುತ್ತವೆ. ನಮ್ಮದು ಎತ್ತ ನೋಡಿದರೂ ಎರೆಹೊಲ. ತಲೆ ಎತ್ತಿ ನೋಡಬೇಕಾದ ವಸ್ತು ಅಂದರೆ ನೀರಿನ ಟಾಕಿ ಒಂದೇ.

ಇಂಥ ಊರಿನ ಸಾಲಿಯಲ್ಲಿ ನಾನು ಡ್ರಾಯಿಂಗ್ ಮಾಸ್ತರನಾಗಿ ರಿಟಾಯರ್ ಆದವನು. ‘ನಿಸರ್ಗ ಚಿತ್ರ ಬರೀರಿ’ ಅಂದರೆ ಸಾಕು, ಐವತ್ತು ಹುಡುಗರೂ ಒಂದೇ ಚಿತ್ರ ಬರೆಯುತ್ತಿದ್ದರು. ಎರಡು ತ್ರಿಕೋನ ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳಿ, ಹೊಳಿಯ ದಂಡಿಗೆ ಒಂದು ಗುಡಿಸಲು, ಅದಕ್ಕೆ ತಾಗಿ ತೆಂಗಿನ ಗಿಡ. ಒಬ್ಬ ಹುಡುಗಿ ಮಾತ್ರ ಒಮ್ಮೆ ಪೆನ್ಸಿಲ್ ನಿಲ್ಲಿಸಿ, “ಸರ, ಈ ಗುಡ್ಡ ಎಲ್ಲಿ ಐತ್ರಿ?” ಅಂತ ಕೇಳಿದ್ದಳು. ನಾನು ಸ್ವಲ್ಪ ಹೊತ್ತು ಯೋಚಿಸಿ, “ಪಶ್ಚಿಮಕ್ಕ ಐತಿ” ಅಂದೆ. ಸೂರ್ಯ ಹುಟ್ಟುವ ಚಿತ್ರ ಅದು. ಹುಡುಗಿ ಒಳ್ಳೆಯವಳು, ಮತ್ತೆ ಪೆನ್ಸಿಲ್ ಹಿಡಿದಳು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಆ ಬೆಡ್‌ಶೀಟು ಕೊಂಡದ್ದರಲ್ಲಿ ನನ್ನ ತಪ್ಪು ಪೂರ್ತಿ ಇಲ್ಲ ಎಂದು ನಿಮಗೆ ತಿಳಿಯಲಿ ಅಂತ.

ನನ್ನ ಹೆಂಡತಿ ಶಾಂತಾ, ಮದುವೆಯೊಂದಕ್ಕೆ ಉಡುಗೊರೆ ಕೊಡಲು ಎರಡು ಕೈಮಗ್ಗದ ಸೀರೆ ತರಲು ನನ್ನನ್ನು ಗಜೇಂದ್ರಗಡಕ್ಕೆ ಕಳಿಸಿದ್ದಳು. ಬಣ್ಣ, ಅಂಚು, ಸೆರಗು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಸೀರೆ ಕಟ್ಟಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟವನಿಗೆ ದಾರಿಯ ಅಂಗಡಿಯೊಂದರ ಬಾಗಿಲಲ್ಲಿ ಅದು ತೂಗಾಡುವುದು ಕಂಡಿತು. ಬರೆದ ಚಿತ್ರ ಅಲ್ಲ, ಫೋಟೋ. ಡಬಲ್ ಮಂಚದಷ್ಟು ದೊಡ್ಡ ಫೋಟೋ. ತುದಿಗೆ ಹಿಮ ಹೊದ್ದ ಗುಡ್ಡ, ಅದರ ಕೆಳಗೆ ಚೂಪು ಗಿಡಗಳ ಕಾಡು, ಕೆಳಗೆ ನೀಲಿ ಸರೋವರ, ದಂಡಿಗೆ ಒಂದು ಕಟ್ಟಿಗೆ ಮನೆ, ಒಂದು ಖಾಲಿ ದೋಣಿ. ತೆಂಗಿನ ಗಿಡ ಒಂದನ್ನು ಬಿಟ್ಟರೆ ನಾನು ಇಡೀ ಜನ್ಮ ಬರೆಸಿದ್ದೆಲ್ಲ ಅಲ್ಲಿತ್ತು.

“ಗುರುಗಳ, ಬರೇ ನೋಡಿದ್ರ ಹ್ಯಾಂಗ, ಕೈ ಇಟ್ಟು ನೋಡ್ರಿ. ಥಂಡಿ ಹತ್ತತೈತಿ” ಅಂದ ಅಂಗಡಿಯವನು.

ಹಿಮದ ಮೇಲೆ ಕೈ ಇಟ್ಟೆ. ಖರೇ ಹೇಳುತ್ತೇನೆ, ಥಂಡಿ ಹತ್ತಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದದ್ದು ಆಮೇಲೆ ಗೊತ್ತಾಯಿತು.

ಮನೆಯಲ್ಲಿ ಶಾಂತಾ ಸೀರೆಗಳನ್ನು ನೋಡಿ ‘ಚಲೋ ಅದಾವ’ ಅಂದಳು. ಆಮೇಲೆ ಬೆಡ್‌ಶೀಟು ಬಿಚ್ಚಿ ಗಾದಿಯ ಮೇಲೆ ಹಾಸಿ, ಸುತ್ತ ಒಂದು ಸಲ ತಿರುಗಿದಳು.

“ಇದರ ಮ್ಯಾಲ ಕಾಲು ಎಲ್ಲಿ ಇಡೂದ್ರಿ?”

ಈ ಪ್ರಶ್ನೆ ನನಗೆ ಅಂಗಡಿಯಲ್ಲಿ ಹೊಳೆದಿರಲಿಲ್ಲ. ಗುಡ್ಡ ತಲೆ ಕಡೆ ಬಂದರೆ ಕಾಲು ಸರೋವರದೊಳಗೆ ಮುಳುಗುತ್ತವೆ. ತಿರುಗಿಸಿ ಹಾಸಿದರೆ ಹಿಮದ ತುದಿಗೆ ಕಾಲು ಚಾಚಬೇಕು. ಗುಡ್ಡದಂಥ ಗುಡ್ಡಕ್ಕೆ ಕಾಲು ಹಚ್ಚಬಾರದು ಎಂದು ಶಾಂತಾ ತೀರ್ಮಾನಿಸಿದಳು. ದಿಂಬಿನ ಗವಸುಗಳಲ್ಲಿ ಇನ್ನೊಂದು ಅವಾಂತರ ಇತ್ತು. ಎರಡರ ಮೇಲೂ ಒಂದೊಂದು ಸೂರ್ಯ. ಒಬ್ಬ ನನ್ನ ತಲೆಯ ಕೆಳಗೆ, ಒಬ್ಬ ಅವಳ ತಲೆಯ ಕೆಳಗೆ. ಬಟ್ಟೆ ನುಣುಪು ಅಂದರೆ ನುಣುಪು. ಬೆಳಿಗ್ಗೆ ಎದ್ದು ನೋಡಿದರೆ ಗುಡ್ಡ, ಕಾಡು, ಸರೋವರ ಎಲ್ಲ ಜಾರಿ ನೆಲದ ಮೇಲೆ ಬಿದ್ದಿರುತ್ತಿದ್ದವು, ನಾವಿಬ್ಬರೂ ಬರೀ ಗಾದಿಯ ಮೇಲಿರುತ್ತಿದ್ದೆವು. ಮೊದಲ ಸಲ ತೊಳೆದಾಗ ಸರೋವರ ಬಣ್ಣ ಬಿಟ್ಟು ನನ್ನ ಮೂರು ಬನಿಯನ್ ತಿಳಿನೀಲಿಯಾದವು. ಈಗಲೂ ಹಾಕಿಕೊಳ್ಳುತ್ತೇನೆ, ಅಂಗಿಯ ಒಳಗಿನದು ಯಾರಿಗೆ ಕಾಣಬೇಕು.

ಆದರೆ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದು ನೋಡಿ, ‘ಅಲ್ಲೇ ಹೋಗಿ ಮಲಗಿದಂಗ ಆಗತೈತಿ ನೋಡವ್ವ’ ಅನ್ನತೊಡಗಿದ ಮೇಲೆ ಶಾಂತಾಳ ಮಾತಿನ ಧಾಟಿ ಬದಲಾಯಿತು. ‘ಇವರು ಮರುಳಾಗಿ ತಂದ ಚಾದರ’ ಇದ್ದದ್ದು ‘ನಾವು ಗಜೇಂದ್ರಗಡದಿಂದ ತರಿಸಿದ ಚಾದರ’ ಆಯಿತು. ಬಂದ ಬೀಗರಿಗೆ ಮಾತ್ರ ಹಾಸುವುದು ಎಂದು ಅದನ್ನು ಮಡಚಿ ಟ್ರಂಕಿನೊಳಗೆ ಇಟ್ಟಳು.

ನನ್ನ ಚಿಕ್ಕಂದಿನ ಹಾಸಿಗೆಯಲ್ಲಿ ಇಂಥ ದೇಶಾಟನೆ ಇರಲಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ನಾನು ಬೆಳೆದದ್ದು ಮೆಣಸಗಿಯಲ್ಲಿ, ನನ್ನ ದೊಡ್ಡಪ್ಪ ದೊಡ್ಡವ್ವನ ಹತ್ತಿರ. ಅವರಿಗೆ ಮಕ್ಕಳಿಲ್ಲ, ನನ್ನ ಅವ್ವನಿಗೆ ಕೈತುಂಬ ಮಕ್ಕಳು, ಹೀಗಾಗಿ ನಡುವಿನ ನನ್ನನ್ನು ಅಲ್ಲಿ ಬಿಟ್ಟಿದ್ದರು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ದೊಡ್ಡವ್ವ ಹೊಲಿದ ಕೌದಿ ಹಾಸಿಕೊಂಡು ಮಲಗುವುದು. ಆ ಕೌದಿಯಲ್ಲಿ ನಿಸರ್ಗ ಇರಲಿಲ್ಲ, ಮಂದಿ ಇದ್ದರು. ಇದು ಅಜ್ಜಿಯ ಇಳಕಲ್ ಸೀರೆ, ಇದು ದೊಡ್ಡಪ್ಪನ ಪಟ್ಟಾಪಟ್ಟಿ, ಇದು ನನ್ನದೇ ಹರಿದ ಚಡ್ಡಿ. ಹೊಲಿಗೆ ಬಿಟ್ಟಲ್ಲಿ ಬೆರಳು ತೂರಿಸಿ ದೊಡ್ಡದು ಮಾಡುವುದು ನನ್ನ ಕೆಲಸ, ಮರುದಿನ ಬೈಯುತ್ತ ಹೊಲಿಯುವುದು ದೊಡ್ಡವ್ವನ ಕೆಲಸ. ದೊಡ್ಡಪ್ಪ ಪಕ್ಕದಲ್ಲಿ ಮಲಗಿ ಸುಳ್ಳು ಹೇಳುತ್ತಿದ್ದ. ಹೊಳಿಯಲ್ಲಿ ಎತ್ತಿನಷ್ಟು ದೊಡ್ಡ ಮೀನು ಹಿಡಿದದ್ದು, ಅದನ್ನು ಗಾಡಿಗೆ ಕಟ್ಟಿ ತಂದದ್ದು. ದೊಡ್ಡವ್ವ ಆ ಕಡೆಯಿಂದ, “ಗಾಡಿ ಮೀನಿಗೆ ಕಟ್ಟಿದ್ರೋ, ಮೀನು ಗಾಡಿಗೆ ಕಟ್ಟಿದ್ರೋ?” ಅಂತ ಕೇಳುತ್ತಿದ್ದಳು.

ಇಂಥ ಜೋಡಿ ಒಂದು ಮಳೆಗಾಲದಲ್ಲಿ ನಮ್ಮ ಮನೆಗೆ ಬಂದಿಳಿಯಿತು, ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟು.

ಆ ಸಲ ಮೇಲೆ ಎಲ್ಲೋ ಮಳೆ ಹೊಡೆದು ಮಲಪ್ರಭಾ ಏರಿತ್ತು. ಕೊಣ್ಣೂರಿನ ಸೇತುವೆ ಮುಳುಗಿದ್ದನ್ನು ಟೀವಿಯಲ್ಲಿ ನೋಡುತ್ತಿದ್ದಾಗಲೇ ಮೆಣಸಗಿಯೊಳಗೂ ನೀರು ಬಂತು ಎಂದು ಫೋನು ಬಂತು. ಇಬ್ಬರೂ ಎರಡು ದಿನ ಎತ್ತರದ ಸಾಲಿಯೊಂದರಲ್ಲಿದ್ದರು. ಮೂರನೆಯ ದಿನ ರಸ್ತೆ ತೆರೆದ ಮೇಲೆ ನಾನು ಟೆಂಪೋ ತೆಗೆದುಕೊಂಡು ಹೋಗಿ ಕರೆದು ತಂದೆ. ಮನೆಯ ಒಂದು ಗೋಡೆ ಬಿದ್ದಿತ್ತು. ಕಾಳು, ಕೌದಿ, ಪಾತ್ರೆ ಎಲ್ಲ ಹೋಗಿದ್ದವು. ದೊಡ್ಡವ್ವನ ಕೈಯಲ್ಲಿ ಒಂದು ಸಣ್ಣ ಗಂಟು. ದೊಡ್ಡಪ್ಪನ ಬಗಲಲ್ಲಿ ಕೊಡೆ, ಕೈಯಲ್ಲಿ ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜಿಸರ. ಎತ್ತು ಮಾರಿ ಎಷ್ಟೋ ವರ್ಷವಾಗಿತ್ತು. ಅವನು ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಅದು ಘಲ್ ಘಲ್ ಅಂದಿತು. ದೊಡ್ಡವ್ವ ಮುಖ ಆ ಕಡೆ ತಿರುಗಿಸಿದಳು.

ಮಾತು ಬಿಟ್ಟದ್ದು ಗೊತ್ತಾಗಲು ಒಂದು ದಿನ ಹಿಡಿಯಿತು, ಯಾಕೆಂದರೆ ಮನೆಯಲ್ಲಿ ಮಾತಿಗೇನೂ ಕಡಿಮೆ ಇರಲಿಲ್ಲ. ಎಲ್ಲ ನಮ್ಮ ಮೂಲಕ ಹೋಗುತ್ತಿತ್ತು, ಅಷ್ಟೇ.

“ಶಾಂತಾ, ಅವರಿಗೆ ಹೇಳು. ಅಂಗಿ ಗುಂಡಿ ಹರದೈತಿ, ತಗದು ಕೊಟ್ರ ಹಚ್ಚಿ ಕೊಡ್ತೀನಿ.”

ಎರಡು ಮೊಳ ದೂರದಲ್ಲಿ ಕುಳಿತ ದೊಡ್ಡಪ್ಪ ಅದೇ ಶಾಂತಾಗೆ, “ಹೇಳವ್ವ, ಇರೂದ ಇದೊಂದ ಅಂಗಿ. ತಗದು ಕೊಟ್ಟು ನಾ ಏನ ಹಾಕ್ಕೊಳ್ಳಿ?” ಅನ್ನುತ್ತಿದ್ದ.

ನಾನು ನನ್ನ ಅಂಗಿ ತಂದುಕೊಟ್ಟೆ. ಅದರೊಳಗೆ ಇನ್ನೊಬ್ಬ ದೊಡ್ಡಪ್ಪ ಹಿಡಿಯುತ್ತಿದ್ದ. ಯಾಕೆ ಮಾತಿಲ್ಲ ಎಂದು ಕೇಳಿದರೆ, “ಅವರನ್ನ ಕೇಳು” ಅಂತ ಅವಳು, “ಅಕೀನ್ನ ಕೇಳು” ಅಂತ ಅವನು.

ಅವರಿಗೆ ನಮ್ಮ ಕೋಣೆಯನ್ನೇ ಬಿಟ್ಟುಕೊಟ್ಟಿದ್ದೆವು. ಎಲ್ಲ ಕಳಕೊಂಡು ಬಂದವರಿಗೆ ಮನೆಯಲ್ಲಿದ್ದ ಚಲೋ ವಸ್ತು ಹಾಸಬೇಕೆಂದು ಶಾಂತಾ ಟ್ರಂಕಿನಿಂದ ಬೆಡ್‌ಶೀಟು ತೆಗೆದಳು, ಜಾರಬಾರದೆಂದು ನಾಲ್ಕೂ ಮೂಲೆಗೆ ಪಿನ್ನು ಹಾಕಿದಳು. ಮರುದಿನ ಬೆಳಿಗ್ಗೆ ಚಹಾ ಒಯ್ದಾಗ ನೋಡಿದರೆ ದೊಡ್ಡಪ್ಪ ಒಬ್ಬನೇ ಕಾಡಿನಿಂದ ದೋಣಿಯವರೆಗೆ ಹರಡಿಕೊಂಡು ಗೊರಕೆ ಹೊಡೆಯುತ್ತಿದ್ದ. ದೊಡ್ಡವ್ವ ಕೆಳಗೆ ಚಾಪೆಯ ಮೇಲಿದ್ದಳು. ಎರಡನೆಯ ದಿನವೂ ಹಾಗೇ, ಮೂರನೆಯ ದಿನವೂ ಹಾಗೇ.

“ಸಿಟ್ಟು ಅಷ್ಟು ಐತಿ” ಅಂದಳು ಶಾಂತಾ.

ನನ್ನ ತರ್ಕ ಬೇರೆ ಇತ್ತು. ಹೊಳಿ ಮನೆಯೊಳಗೆ ಬಂದದ್ದನ್ನು ಕಣ್ಣಾರೆ ಕಂಡ ಹೆಂಗಸಿಗೆ ನೀರಿನ ಚಿತ್ರ ಹಾಸಿಕೊಟ್ಟಿದ್ದೇವಲ್ಲ, ನಮಗೆ ಬುದ್ಧಿ ಎಲ್ಲಿದೆ ಎಂದು ನನಗೆ ನಾಚಿಕೆಯಾಯಿತು. ಯಾರಿಗೂ ಹೇಳದೆ ಹೋಗಿ ಪಿನ್ನು ಬಿಚ್ಚಿ ಬೆಡ್‌ಶೀಟನ್ನು ತಿರುವಿ ಹಾಸಿದೆ. ಹಿಂಬದಿ ಬೆಳ್ಳಗೆ, ಸರೋವರದ ನೆರಳಷ್ಟೇ ಕಾಣುತ್ತಿತ್ತು. ದೊಡ್ಡವ್ವ ಒಳಗೆ ಹೋದವಳು ಹೊರಗೆ ಬಂದು, “ಯಾಕೋ ಅದನ್ನ ಬೋರಲ ಹಾಕಿದಿ? ಚಂದ ಇತ್ತಲ್ಲ” ಅಂದಳು. ಮತ್ತೆ ಹೋಗಿ ಸರಿಯಾಗಿ ಹಾಸಿದೆ. ಬಗ್ಗಿ ಪಿನ್ನು ಹಾಕುವಾಗ ಎರಡು ಸಲ ಬೆರಳಿಗೆ ಚುಚ್ಚಿಕೊಂಡೆ. ಅವಳು ಮಾತ್ರ ಚಾಪೆ ಬಿಡಲಿಲ್ಲ.

ಹೀಗೆ ಹತ್ತು ದಿನ ಕಳೆದವು. ಹನ್ನೊಂದನೆಯ ದಿನ ಮೋಡ ಸರಿದು ಬಿಸಿಲು ಬಿದ್ದಿತು. ಶಾಂತಾ ಮನೆಯ ಹಾಸಿಗೆ ಬಟ್ಟೆಯನ್ನೆಲ್ಲ ತೊಳೆದು ಮಾಳಿಗೆಯ ಮೇಲಿನ ಹಗ್ಗಕ್ಕೆ ಒಣಹಾಕಿದಳು. ಮಧ್ಯಾಹ್ನ ಊಟದ ಹೊತ್ತಿಗೆ ದೊಡ್ಡವ್ವ ಕಾಣಲಿಲ್ಲ. ನಾವಿಬ್ಬರೂ ಮೇಲೆ ಹೋಗಿ ನೋಡಿದರೆ, ಹಗ್ಗಕ್ಕೆ ಉದ್ದಕ್ಕೆ ಇಳಿಬಿಟ್ಟಿದ್ದ ಆ ಬೆಡ್‌ಶೀಟಿನ ಎದುರು ನಿಂತಿದ್ದಳು. ಹಾಸಿದಾಗ ಅಡ್ಡ ಬೀಳುವ ಗುಡ್ಡ ಈಗ ಎದ್ದು ನಿಂತಿತ್ತು. ಅವಳು ಅದರ ಅಂಚು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

“ಹಸಿ ಐತೇನ್ರಿ ಅತ್ತಿ?” ಶಾಂತಾ ಕೇಳಿದಳು.

“ಇಲ್ಲವ್ವ.” ಅಂಚು ಬಿಡದೆ ಹೇಳಿದಳು. “ನರಗುಂದದ ಫೋಟೋ ಸ್ಟುಡಿಯೋದಾಗ ಹಿಂಥಾದ್ದ ಒಂದು ಪರದೆ ಇತ್ತು. ಮದವಿ ಆಗಿ ಹದಿನೈದ ದಿನಕ್ಕ ನಮ್ಮಪ್ಪ ನಮ್ಮನ್ನ ಅಲ್ಲಿಗೆ ಕಳಿಸಿದ್ದ. ಇಷ್ಟ ಎತ್ತರದ ಗುಡ್ಡ, ತುದಿ ಹಿಂಗ ಬೆಳ್ಳಗ. ನಾ ಅದಕ್ಕ ಸುಣ್ಣ ಬಳದಾರ ಅನ್ಕೊಂಡಿದ್ದೆ. ಕೆಳಗ ನೀರು. ಅದರ ಮುಂದ ನಿಂದರಿಸಿ ತಗದಿದ್ರು.”

ಆಗ ನನಗೆ ಆ ಫೋಟೋ ನೆನಪಾಯಿತು. ಮೆಣಸಗಿಯ ಮನೆಯ ನಡುಮನೆಯಲ್ಲಿ, ಕೈಗೆಟುಕದಷ್ಟು ಎತ್ತರದಲ್ಲಿ, ಮುಂದಕ್ಕೆ ಬಾಗಿಸಿ ತೂಗಹಾಕಿದ್ದ ಕಪ್ಪು ಬಿಳುಪಿನ ಫೋಟೋ. ದೊಡ್ಡಪ್ಪ ರುಮಾಲು ಸುತ್ತಿ, ತೊಡೆಯ ಮೇಲೆ ಎರಡೂ ಕೈ ಊರಿ, ಊರ ಗೌಡನಂತೆ ಕುರ್ಚಿಯಲ್ಲಿ ಕುಳಿತಿದ್ದ. ಪಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದು ನಿಂತ ಒಂದು ಸಣ್ಣ ಹುಡುಗಿ. ಬಿದ್ದದ್ದು ಅದೇ ಗೋಡೆ.

“ಅದರ ಮ್ಯಾಲ ಹ್ಯಾಂಗ ಮಲಗಲಿ? ಹಾಸಿದಾಗೊಮ್ಮೆ ಆ ಫೋಟೋನ ನೆಲಕ್ಕ ಬಿದ್ದಂಗ ಕಾಣತೈತಿ” ಅಂದಳು ದೊಡ್ಡವ್ವ. “ಕಾಳು ಹೋತು, ಮತ್ತ ಬೆಳಿತಾವ. ಕೌದಿ ಹೋತು, ಮತ್ತ ಹೊಲಿತೀನಿ. ನಾ ಸಣ್ಣಾಕಿ ಇದ್ದಾಗಿನ ಮಾರಿ ಅದೊಂದ ಇತ್ತು. ಈಗ ಎಲ್ಲೂ ಇಲ್ಲ. ನೀರು ಹೊಸ್ತಿಲ ದಾಟಿ ಬಂದಾಗ ನಾ ಒದರಿ ಒದರಿ ಹೇಳೀನಿ, ಫೋಟೋ ತಗೋರ್ರಿ ಅಂತ. ಇವರು ಏನ ತಂದ್ರು ಗೊತ್ತೈತೇನು? ಎತ್ತಿಲ್ಲದ ಗೆಜ್ಜಿ ತಂದ್ರು.”

ಹಿಂದಿನಿಂದ ಕೆಮ್ಮು ಕೇಳಿಸಿತು. ಊಟಕ್ಕೆ ಯಾರೂ ಕಾಣದೆ ದೊಡ್ಡಪ್ಪ ಹುಡುಕಿಕೊಂಡು ಮೇಲೆ ಬಂದಿದ್ದ, ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿ ಹೇಳಿದ.

“ನೀನ ಹೇಳಪಾ. ಒಂದ ಕೈಯಾಗ ಅಕೀನ್ನ ಹಿಡದಿದ್ದೆ. ಫೋಟೋ ಅಷ್ಟು ಮ್ಯಾಲ, ಅದನ್ನ ಇಳಸಬೇಕಂದ್ರ ಎರಡೂ ಕೈ ಬೇಕು. ಅಕೀನ್ನ ಬಿಟ್ಟು ಹೋಗಿ ಫೋಟೋ ಇಳಸಲ್ಯಾ? ಬಾಗಲದ ಗೂಟಕ್ಕ ಆ ಗೆಜ್ಜಿ ಇತ್ತು, ಖಾಲಿ ಇದ್ದ ಕೈಗೆ ಬಂತು.”

ಅಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟು ಚಂದ ಇತ್ತು. ಶಾಂತಾ ಆಗಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ದೊಡ್ಡವ್ವನ ಮುಖವೂ ಸ್ವಲ್ಪ ಸಡಿಲಾಗಿತ್ತು. ಆದರೆ ದೊಡ್ಡಪ್ಪನಿಗೆ ಒಳ್ಳೆಯ ಕತೆಯನ್ನು ಇನ್ನೂ ಒಳ್ಳೆಯದು ಮಾಡುವ ಚಟ.

“ಮತ್ತ ಅದೇನು ಬರೇ ಗೆಜ್ಜಿ ಅಲ್ಲ. ಆ ಫೋಟೋ ತಗಸಾಕ ನರಗುಂದಕ್ಕ ಗಾಡಿ ಕಟ್ಟಿಕೊಂಡು ಹೋದ್ವಿ ನೋಡು, ಅವತ್ತ ಎತ್ತಿನ ಕೊರಳಾಗ ಇದ್ದದ್ದು ಇದ ಗೆಜ್ಜಿ.”

ದೊಡ್ಡವ್ವ ಸರ್ರನೆ ತಿರುಗಿದಳು.

“ಸುಳ್ಳು ಹೇಳಬ್ಯಾಡ್ರಿ. ನಾವು ಹೋಗಿದ್ದು ಬಸ್ಸಿನಾಗ.”

ಹನ್ನೊಂದು ದಿನದಲ್ಲಿ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ದೊಡ್ಡಪ್ಪನಿಗೂ ಅದು ಗೊತ್ತಾಗಿರಬೇಕು, ಏಕೆಂದರೆ ಅವನ ಮುಖ ಅರಳಿತು.

“ಗಾಡ್ಯಾಗ” ಅಂದ.

“ಬಸ್ಸಿನಾಗ. ನೀವು ಕಿಟಕಿ ಕಡೆ ಕುಂತಿದ್ರಿ. ನನಗ ಹೊಟ್ಟಿ ತೊಳಸಾಕತ್ತಿತ್ತು, ಕಿಟಕಿ ಬಿಡ್ರಿ ಅಂದ್ರ ಬಿಡಲಿಲ್ಲ.”

“ಕಿಟಕಿ ಕಡೆ ನೀ ಕುಂತಿದ್ದಿ.”

“ಅಂದ್ರ ಬಸ್ಸು ಹೌದಲ್ಲ?”

ದೊಡ್ಡಪ್ಪ ಸಿಕ್ಕಿಬಿದ್ದ. ಹೊಳಿ, ಗೋಡೆ, ಗೆಜ್ಜಿ ಎಲ್ಲ ಹಿಂದೆ ಉಳಿದು, ಆ ಬಸ್ಸಿನಲ್ಲಿ ಯಾರು ಎಲ್ಲಿ ಕುಳಿತಿದ್ದರು ಎಂಬ ವಾದ ಊಟ ಮುಗಿದು ಎಲೆಅಡಿಕೆಯವರೆಗೂ ನಡೆಯಿತು. ನಾನೂ ಶಾಂತಾನೂ ಹನ್ನೊಂದು ದಿನದ ಅಂಚೆಯ ಕೆಲಸದಿಂದ ಬಿಡುಗಡೆಯಾಗಿ ಸುಮ್ಮನೆ ಕುಳಿತು ಕೇಳಿದೆವು.

ಫೋಟೋ ತೆಗೆಯುವ ವಿಚಾರ ಶಾಂತಾಳದು. ನನಗೆ ಹೊಳೆದದ್ದು ಎಂದು ಹಲವರಿಗೆ ಹೇಳಿದ್ದೇನೆ, ಅದು ಖರೇ ಅಲ್ಲ. “ಆ ಫೋಟೋ ಹೋದ್ರ ಹೋಗಲಿ, ಈ ಗುಡ್ಡ ಐತಲ್ರಿ ಅತ್ತಿ. ಏಳ್ರಿ” ಅಂದಳು. ದೊಡ್ಡವ್ವ ಬ್ಯಾಡ ಬ್ಯಾಡ ಅನ್ನುತ್ತಲೇ ಮುಖ ತೊಳೆದುಕೊಂಡು ಬಂದಳು. ಶಾಂತಾ ತನ್ನ ಇಳಕಲ್ ಸೀರೆ ಉಡಿಸಿದಳು. ದೊಡ್ಡಪ್ಪನಿಗೆ ನನ್ನ ಅಂಗಿಯನ್ನೇ ಬೆನ್ನ ಹಿಂದೆ ಎರಡು ಪಿನ್ನು ಹಾಕಿ ಬಿಗಿ ಮಾಡಿದೆ. ಕೆಳಗಿನಿಂದ ಕಟ್ಟಿಗೆಯ ಕುರ್ಚಿ ಹೊತ್ತು ಮೇಲೆ ಒಯ್ದೆ. ಸಂಜೆಯ ಗಾಳಿ ಬೀಸತೊಡಗಿತ್ತು. ಗುಡ್ಡ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಒಮ್ಮೆ ಹಾರಿ ಬಂದು ದೊಡ್ಡಪ್ಪನ ತಲೆಯ ಮೇಲೆ ಕುಳಿತಿತು. ಡ್ರಾಯಿಂಗ್ ಮಾಸ್ತರನಾದ ನಾನು ಫೋಟೋ ತೆಗೆಯುವುದು ನ್ಯಾಯ. ಆದರೆ ನಾನು ತೆಗೆದ ಫೋಟೋಗಳಲ್ಲಿ ತಲೆ ಇರುವುದಿಲ್ಲ ಎಂಬುದು ನಮ್ಮ ಬಳಗಕ್ಕೆಲ್ಲ ಗೊತ್ತಿದ್ದ ಸಂಗತಿ.

“ನೀವು ಹಿಂದ ಹೋಗಿ ಬೆಡ್‌ಶೀಟು ಹಿಡೀರಿ” ಅಂದಳು ಶಾಂತಾ, ಮೊಬೈಲು ತೆಗೆದುಕೊಂಡು.

ಹೀಗಾಗಿ ನಾನು ಗುಡ್ಡದ ಹಿಂದೆ ಹೋದೆ. ಎರಡೂ ಕೈ ಮೇಲಕ್ಕೆತ್ತಿ ಹಗ್ಗದ ಮೇಲಿನ ಅಂಚು ಹಿಡಿದು, ಕೆಳಗಿನ ಅಂಚನ್ನು ಕಾಲಿನಿಂದ ಒತ್ತಿ ನಿಂತೆ. ನನಗೆ ಕಾಣುತ್ತಿದ್ದದ್ದು ಬೆಳ್ಳನೆಯ ಬಟ್ಟೆ ಮತ್ತು ಅದರಾಚೆ ಎರಡು ನೆರಳು. ದೊಡ್ಡಪ್ಪನ ನೆರಳು ಹೋಗಿ ಕುರ್ಚಿಯಲ್ಲಿ ಕುಳಿತದ್ದು ಕಂಡಿತು.

“ಏಳ್ರಿ” ಅಂದಿತು ದೊಡ್ಡವ್ವನ ದನಿ.

“ಯಾಕ?”

“ಈ ಸಲ ನಾ ಕುಂದರ್ತೀನಿ. ನೀವು ನಿಂದರ್ರಿ.”

ಕುರ್ಚಿ ಕಿರ್ ಅಂದಿತು, ನೆರಳುಗಳು ಜಾಗ ಬದಲಿಸಿದವು.

“ನಿಂತ್ರ ಮೊಣಕಾಲು ನೋಯ್ತಾವ” ಅಂದ ದೊಡ್ಡಪ್ಪ.

“ನನಗೂ ಅವತ್ತ ಕಾಲು ನೋಯಾಕತ್ತಿದ್ದುವು. ಹೊಸ ಕಾಲುಂಗರ ಕಚ್ಚಿ ರಕ್ತ ಬಂದಿತ್ತು. ಯಾರರ ಕೇಳಿದ್ರೇನು?”

ದೊಡ್ಡಪ್ಪ ಇದಕ್ಕೆ ಏನಾದರೂ ಕಟ್ಟಿ ಹೇಳುತ್ತಾನೆ ಎಂದುಕೊಂಡೆ. ಹೇಳಲಿಲ್ಲ. “ಗೊತ್ತಿರಲಿಲ್ಲ” ಅಂದ, ಅಷ್ಟೇ.

“ಈಗ ಕೈ ಎಲ್ಲಿ ಇಡ್ಲೆವಾ ಶಾಂತಾ?” ಮತ್ತೆ ಅವನದೇ ದನಿ. “ಕುಂತ್ರ ತೊಡಿ ಮ್ಯಾಲ ಇಡಬಹುದು. ನಿಂತ್ರ ಎಲ್ಲಿ ಇಡೂದು?”

“ಕುರ್ಚಿ ಮ್ಯಾಲ ಇಡ್ರಿ ಮಾವಾರ.”

ಆ ಫೋಟೋ ಈಗ ಮೆಣಸಗಿಯ ಹೊಸ ಗೋಡೆಯ ಮೇಲಿದೆ, ಕೈಗೆ ಎಟುಕುವ ಎತ್ತರದಲ್ಲಿ. ಗುಡ್ಡದ ತುದಿಯಲ್ಲಿ ನನ್ನ ಎಂಟು ಬೆರಳು ಕಾಣುತ್ತವೆ. ನೋಡಿದವರು, ಅವು ಯಾರವು ಎಂದು ಕೇಳುತ್ತಾರಂತೆ. ಆದರೆ ಅವತ್ತು ನಾನು ಏನೂ ಕಂಡಿರಲಿಲ್ಲ. ಮೊಬೈಲಿನ ಸಪ್ಪಳ ಬಂದದ್ದು ಕೇಳಿಸಿತು, ಶಾಂತಾ ಹತ್ತಿರ ಬಂದು ಬಗ್ಗಿ ತೋರಿಸಿದ್ದು ನೆರಳಿನಲ್ಲಿ ತಿಳಿಯಿತು. ದೊಡ್ಡವ್ವ ಬಹಳ ಹೊತ್ತು ನೋಡಿದಳು.

“ನನ್ನ ಮಾರಿ ನೆಟ್ಟಗ ಬಂದೈತಿ” ಅಂದಳು. “ಅವತ್ತ ತಲಿ ಎತ್ತಾಕ ಬಿಟ್ಟಿರಲಿಲ್ಲ. ಆದರ ಇವರು ಎತ್ತಾಗ ನೋಡಾಕತ್ತಾರ?”

“ನಿಮ್ಮನ್ನ ನೋಡಾಕತ್ತಾರ್ರಿ ಅತ್ತಿ.”

“ಕುರ್ಚಿ ಕಾಲು ಅಳ್ಳಾಡಾಕತ್ತಿತ್ತು” ಅಂದ ದೊಡ್ಡಪ್ಪ. “ಬಿದ್ದೀಯಂತ ನೋಡಿದೆ.”

“ಇನ್ನೊಂದು ತಗೀತೀನಿ ತಡೀರಿ. ಮಾವಾರ, ಈ ಕಡೆ ನೋಡ್ರಿ” ಅಂದಳು ಶಾಂತಾ.

“ಬ್ಯಾಡ” ಅಂದಳು ದೊಡ್ಡವ್ವ. “ಇದ ಇರ್ಲಿ.”

ಗಾಳಿ ಜೋರಾಗಿತ್ತು. ಎತ್ತಿದ ಕೈಗಳು ಸೋತಿದ್ದವು. “ಇನ್ನ ಬಿಡ್ಲೇನ್ರಿ?” ಅಂತ ನಾನು ಈ ಕಡೆಯಿಂದ ಕೇಳಿದೆ. ಆ ಕಡೆ ಮೂರೂ ನೆರಳು ಮೊಬೈಲಿನ ಮೇಲೆ ಬಗ್ಗಿದ್ದವು. ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತೆ.